ಕಲ್ಲಿಗೆ ಕಿವಿ ಕೊರದ ಕಾಳವ್ವ

ಭಾಳ ಹಿಂದ, ಕೆಂಗಲ್ಲೂರಂತ ಒಂದೂರಾಗ ಕಾಳವ್ವ ಅಂತ ಒಬ್ಬಾಕಿ ಇದ್ದಳಂತ. ಮೂರ್ತಿ ಕಡಿಯೋ ಕಲ್ಲುಕುಟಿಗರ ಮನಿ ಮಗಳು. ಸುಮ್ನ ಕುಂತು ಕೇಳ್ರಿ, ನಡುವ ಬಾಯಿ ಹಾಕಬ್ಯಾಡ್ರಿ.

ಅಪ್ಪ ಉಳಿ ಹಿಡದ್ರ ಈಕಿ ಮಗ್ಗಲಾಗ ಕುಂತು ನೋಡತಿದ್ದಳಂತ. ನೋಡತ ನೋಡತ ಅಪ್ಪನ್ನ ಮೀರಿದಳು. ಆದ್ರ ಹೆಂಗಸು ಕಡದ ದೇವರನ್ನ ಗುಡಿಯಾಗ ಕೂಡ್ರಸೂದಿಲ್ಲ ಅಂದ್ರಂತ ಊರ ಹಿರ್ಯಾರು. ಬ್ಯಾಡಾದ್ರ ಬಿಡ್ರಿ ಅಂತ ಈಕಿ ಸತ್ತವರ ಮೂರ್ತಿ ಮಾಡಾಕ ಕುಂತಳು. ಆಗ ಫೋಟೋ ಅಂದ್ರ ಸಾವ್ಕಾರ ಮನಿ ಮಾತು. ಒಂದ ಸಲ ನೋಡಿದ ಮಾರಿ ಕಾಳವ್ವ ಮರೀತಿರಲಿಲ್ಲಂತ. ಗಲ್ಲದ ಕುಳಿ, ಹಲ್ಲಿನ ಸಂದಿ ಸೈತ ಕಲ್ಲಾಗ ಬರತಿತ್ತಂತ. ಒಬ್ಬ ಸೊಸಿ ಸತ್ತ ಮಾವನ ಮೂರ್ತಿ ನೋಡಿ ಗಡಬಡಿಸಿ ತಲಿಮ್ಯಾಲ ಸೆರಗು ಹೊತ್ತಳಂತ. ದೂರದೂರಿಂದ ಬಸ್ಸು ಹತ್ತಿ ಮಂದಿ ಬರಾಕ ಹತ್ತಿದ್ರು.

ಅಪ್ಪ ಸಾಯೂಮುಂದ ಆಕಿ ಕಡೆ ಒಂದು ಆಣಿ ಮಾಡಿಸಿಕೊಂಡಿದ್ದನಂತ. ಸತ್ತವರ ಮೂರ್ತಿಗೆ ಕಿವಿ ಮಾಡು, ಕಿವಿಯ ತೂತು ಮಾತ್ರ ಕೊರೀಬ್ಯಾಡ. ಅವರಿಗೆ ನಮ್ಮ ದನಿ ಕೇಳಬಾರದು, ಕೇಳಿದ್ರ ಬರತಾರ ಅಂದಿದ್ದನಂತ.

ಅಂಥಾಕಿಗೆ ಒಬ್ಬಾಕೇ ಮಗಳು. ಹೆಸರು ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ. ಜ್ವರ ಬಂದು ಕೂಸು ಹೋತು. ಅಯ್ಯ ಶಿವನ, ತಾಯಿ ಹೊಟ್ಟಿ ಎಷ್ಟು ಉರದಿರಬೇಕು! ಕೂಳು ನೀರು ಬಿಟ್ಟು ಮಗಳ ಮೂರ್ತಿ ಕಡದಳಂತ. ಎಲ್ಲಾ ಮುಗಿದ ಮ್ಯಾಲ ಸಣ್ಣ ಉಳಿ ತಗೊಂಡು ಎರಡೂ ಕಿವಿ ಕೊರದಳಂತ. ಊರ ಹೊರಗ, ಹೊಲದ ದಾರಿ ಮಗ್ಗಲ, ಮಗಳನ್ನ ಹುಗದಲ್ಲೇ ಅದನ್ನ ನಿಲ್ಲಿಸಿದಳು. ಸಂಜಿಮುಂದ ಮನಿ ಬಾಗಲದಾಗ ನಿಂತು ಹೆಸರು ಹಿಡದು ಕರದಳು.

ಮುಂಜಾನೆ ನೋಡಿದ್ರ ಕಲ್ಲು ಊರ ಭಾವಿ ಹತ್ರ ನಿಂತಿತ್ತಂತ. ಮತ್ತ ಕರದಳು, ಊರ ಅಗಸಿಬಾಗಲ ದಾಟಿ ಒಳಗ ಬಂದಿತ್ತಂತ. ಎಳದ ಗುರುತಿಲ್ಲ, ಮಣ್ಣಾಗ ಬರೇ ಸಣ್ಣ ಸಣ್ಣ ಹೆಜ್ಜಿ. ಊರ ಮಂದಿ ಅಗಳಿ ಹಾಕ್ಕೊಂಡು ಕುಂತ್ರು. ಕಾಳವ್ವ ನಕ್ಕೋತ ಮಗಳಿಗಂತ ಹೋಳಿಗಿ ಮಾಡಿದಳಂತ.

ಮರುದಿನ ಕಲ್ಲು ಆಕಿ ಮನಿ ಹೊಸ್ತಿಲ ಮುಂದ ಬಂದಿತ್ತು. ಓಡಿ ಹೋಗಿ ಅಪ್ಪಿಕೊಂಡಳಂತ. ಕಾಲು ಮುಟ್ಟತಾಳ, ಬೆರಳ ಇಲ್ಲ. ನಡದು ನಡದು ಸವದು ಹೋಗ್ಯಾವ. ಕಲ್ಲಿನ ಗಲ್ಲದಮ್ಯಾಲ ನೀರು ಇಳದಿತ್ತಂತ.

"ಭಾಳ ನಡಸಿದೆ ನಿನ್ನ, ನನ್ನವ್ವಾ. ಇನ್ನ ಕರಿಯಂಗಿಲ್ಲ," ಅಂದಳಂತ.

ನಾಕು ಗಂಡಸರಿಗೂ ಅಲುಗದ ಕಲ್ಲು, ಬಗಲಾಗ ಎತ್ತಿಕೊಂಡು ಒಬ್ಬಾಕೇ ಹೊಲದ ದಾರಿಗೆ ಒಯ್ದಳಂತ. ಕಿವಿಯಾಗ ಜೇನುಮೇಣ ತುಂಬಿದಳು. ಮತ್ತ ಆಕಿ ಉಳಿ ಮುಟ್ಟಲಿಲ್ಲ, ಸಾಯೂತನಕ ಆ ಹೆಸರು ಬಾಯಾಗ ತರಲಿಲ್ಲ ಅಂತಾರ.

ಈಗೂ ವರ್ಷಕ್ಕೊಮ್ಮಿ ಊರ ಹೆಣ್ಣಮಕ್ಕಳು ಹೋಗಿ ಆ ಕಿವಿಗೆ ಹೊಸ ಮೇಣ ತುಂಬತಾರ. ಎಷ್ಟ ಒತ್ತಿ ತುಂಬಿದ್ರೂ ಮುಂದಿನ ವರ್ಷ ಹೋಗೂದ್ರಾಗ ಅದು ಕಿತ್ತು ಕೆಳಗ ಬಿದ್ದಿರತೈತಿ. ಅದಕ್ಕ ಆ ದಾರ್ಯಾಗ ಯಾವ ತಾಯೀನೂ ಕೂಸಿನ ಹೆಸರು ಹಿಡದು ಕರಿಯೂದಿಲ್ಲ. ಕೂಸು ಹಿಂದ ಉಳದ್ರ ತಾನ ತಿರುಗಿ ಹೋಗತಾಳ, ಎತ್ತಿ ಬಗಲಾಗ ಕೂಡ್ರಿಸಿಕೊಂಡು ಬರತಾಳ.