ಜೇನು ಮುಟ್ಟದ ಹೂವು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಗುರು ಮರುಳಯ್ಯ. ಶಿಷ್ಯ ಶಂಭುಲಿಂಗ. ಅಡುಗೆಗೆ ಚೆನ್ನವ್ವ.

ಶಂಭುಲಿಂಗನಿಗೆ ಒಂದೇ ಆಸೆ. ತನ್ನ ಕೈಯಿಂದ ದೇವರ ಪೂಜೆ ಮಾಡಬೇಕು.

ಗುರು ಅವನ ಅಂಗೈಗೆ ಕುಂಬಳದ ಬೀಜ ಹಾಕಿದರು.

"ಬೆಳೆ. ಮೊದಲ ಕಾಯಿ ದೇವರ ಮುಂದೆ ಇಡು. ಅಂದಿನಿಂದ ಪೂಜೆ ನಿನ್ನದು."

ಶಂಭುಲಿಂಗ ಮಡಿಯುಟ್ಟು ನೀರು ಹಾಕಿದ. ಬಳ್ಳಿ ಹಬ್ಬಿತು. ಹಳದಿ ಹೂ ಬಿಟ್ಟಿತು. ಹಿಂದೆಯೇ ಜೇನು ಬಂದವು.

ಅವನಿಗೆ ಕಸಿವಿಸಿಯಾಯಿತು. ಹುಳ ಬಾಯಿಟ್ಟ ಹೂವು ಎಂಜಲು. ಎಂಜಲು ಹೂವಿನ ಕಾಯಿ ದೇವರಿಗೆ ಹೇಗೆ ಸಲ್ಲುತ್ತದೆ?

ತೆಳು ಪಂಚೆಗಳನ್ನು ಸೇರಿಸಿ ಹೊಲಿದ. ಇಡೀ ಬಳ್ಳಿಗೆ ಹೊದಿಸಿದ. ಅಂಚಿಗೆ ಕಲ್ಲು ಹೇರಿದ.

ಚೆನ್ನವ್ವ ನೋಡುತ್ತ ನಿಂತಳು.

"ಏನಪ್ಪ, ಕುಂಬಳಕ್ಕೂ ಸೊಳ್ಳೆ ಪರದೆಯಾ? ನನಗೂ ಒಂದು ಹೊಲಿದುಕೊಡು."

"ಮಡಿ ಅವ್ವ. ನಿನಗೆ ತಿಳಿಯದು."

"ಆಯ್ತಪ್ಪ. ಹುಳಿಗೆ ಕಾಯಿ ಕೊಟ್ಟರೆ ಸಾಕು."

ಹೂ ಅರಳಿದವು. ಬಾಡಿದವು. ಕೆಲವು ಹೂವಿನ ಬುಡದಲ್ಲಿ ಗೋಲಿಯಷ್ಟು ಪೀಚು ಇತ್ತು. ಅದು ಬಲಿಯಲಿಲ್ಲ. ಹಳದಿಗೆ ತಿರುಗಿ ಉದುರಿತು. ಒಂದೂ ನಿಲ್ಲಲಿಲ್ಲ.

ಶಂಭುಲಿಂಗ ಉದುರಿದ ಪೀಚುಗಳನ್ನು ಬೊಗಸೆಯಲ್ಲಿ ತಂದು ಗುರುವಿನ ಮುಂದೆ ನಿಂತ.

"ಗುರುಗಳೇ, ನೀರು ಕೊಟ್ಟೆ. ಗೊಬ್ಬರ ಕೊಟ್ಟೆ. ಒಂದು ಹುಳವನ್ನೂ ಹತ್ತಿರ ಬಿಡಲಿಲ್ಲ. ದೇವರಿಗೆ ನನ್ನ ಪೂಜೆ ಬೇಡವೇ?"

"ದೇವರ ಮಾತು ಆಮೇಲೆ. ನಾಳೆ ಬೆಳಗ್ಗೆ ಬಾ."

ಬೆಳಗ್ಗೆ ಗುರು ಪರದೆಯ ಅಂಚು ಎತ್ತಿದರು. ಪೀಚಿಲ್ಲದ ಒಂದು ಹೂ ತೋರಿಸಿದರು.

"ಇದು ಗಂಡು."

ಪೀಚಿದ್ದ ಹೂ ತೋರಿಸಿದರು.

"ಇದು ಹೆಣ್ಣು. ಅದರ ಪುಡಿ ಇದಕ್ಕೆ ಸೇರಬೇಕು. ಸೇರದಿದ್ದರೆ ಕಾಯಿಲ್ಲ."

"ಯಾರು ಸೇರಿಸುತ್ತಾರೆ?"

"ನೀನು ಹೊರಗೆ ಹಾಕಿದೆಯಲ್ಲ, ಅವರು."

ಶಂಭುಲಿಂಗ ತಲೆ ತಗ್ಗಿಸಿದ.

"ಪರದೆ ತೆಗೆಯಲೇ?"

"ಬೇಡ. ಮಡಿ ಕೆಟ್ಟೀತು. ಅವರ ಕೆಲಸ ನೀನೇ ಮಾಡು."

ಶಂಭುಲಿಂಗ ಗಂಡು ಹೂವಿನ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡ. ಹೆಣ್ಣು ಹೂ ಹುಡುಕುತ್ತ ಪರದೆಯ ಕೆಳಗೆ ತೆವಳಿದ. ಒರಟು ಎಲೆಗಳು ಮೈ ಗೀರಿದವು. ಬಿಸಿಲೇರುವ ಹೊತ್ತಿಗೆ ಹೂಗಳು ಮುಚ್ಚಿಕೊಂಡವು. ಅರ್ಧ ಬಳ್ಳಿಯೂ ಮುಗಿದಿರಲಿಲ್ಲ.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಸೊಂಟ ಹಿಡಿಯಿತು.

ಕೊನೆಗೆ ಒಂದೇ ಒಂದು ಕಾಯಿ ನಿಂತಿತು. ಅದೂ ಸೊಟ್ಟ.

ಚೆನ್ನವ್ವ ಬಗ್ಗಿ ನೋಡಿದಳು.

"ಜೇನೇ ವಾಸಿ ಕಣಪ್ಪ. ಸಂಜೆಯಾದರೆ ಸೊಂಟಕ್ಕೆ ಎಣ್ಣೆ ಕೇಳುವುದಿಲ್ಲ."

ಶಂಭುಲಿಂಗನಿಗೆ ನಗು ಬಂತು. ಎದ್ದು ಹೋಗಿ ಕಲ್ಲುಗಳನ್ನು ಸರಿಸಿದ. ಪರದೆ ಎಳೆದು ಹಾಕಿದ.

ಮಾರನೆಯ ಬೆಳಗ್ಗೆ ಬಳ್ಳಿಯ ಪಕ್ಕ ಕುಳಿತ. ಒಂದು ಜೇನು ಹೂವಿನೊಳಗೆ ಇಳಿಯಿತು. ಮೈಯೆಲ್ಲ ಹಳದಿ ಮಾಡಿಕೊಂಡು ಹೊರಬಂತು. ಮುಂದಿನ ಹೂವಿಗೆ ಹೋಯಿತು. ಅದರ ಮುಂದಿನದಕ್ಕೆ. ಅವನು ಬಹಳ ಹೊತ್ತು ನೋಡಿದ.

ಆಮೇಲೆ ಒಂದು ತೆಂಗಿನ ಚಿಪ್ಪಿನಲ್ಲಿ ನೀರು ತಂದಿಟ್ಟ. ಕುಡಿಯಲು ಬಂದ ಜೇನು ಮುಳುಗದಿರಲೆಂದು ಅದರಲ್ಲಿ ನಾಲ್ಕು ಹರಳು ಹಾಕಿದ. ದಿನವೂ ನೀರು ಬದಲಿಸಿದ.

ಕಾಯಿ ನಿಂತವು. ಗುಂಡಗೆ ಬಲಿತವು.

ಪೂಜೆಯ ದಿನ ಶಂಭುಲಿಂಗ ಒಂದು ಗುಂಡು ಕಾಯಿಯನ್ನು ಎದೆಗವಚಿಕೊಂಡು ಬಂದ.

ಗುರು ಕೇಳಿದರು, "ನಿನ್ನ ಕೈಯ ಕಾಯಿ ಎಲ್ಲಿ?"

"ಅದು ನಮ್ಮ ಹುಳಿಗೆ, ಗುರುಗಳೇ. ದೇವರಿಗೆ ಅವರದೇ ಇರಲಿ."

"ಹುಂ."

ಕಾಯಿಯನ್ನು ದೇವರ ಮುಂದೆ ಇಟ್ಟ. ಆಗತಾನೆ ಅರಳಿದ ಒಂದು ಗಂಡು ಹೂವನ್ನೂ ತಂದಿದ್ದ. ಮಂತ್ರ ಹೇಳುತ್ತ ಅದನ್ನು ಏರಿಸಲು ಕೈ ಚಾಚಿದ.

ಹೂವಿನೊಳಗೆ ಗುಂಯ್ ಎಂದಿತು.

ಒಂದು ಜೇನು. ಹಳದಿ ಪುಡಿಯಲ್ಲಿ ಹೊರಳುತ್ತಿತ್ತು.

ಮಂತ್ರ ನಿಂತಿತು. ಚಾಚಿದ ಕೈ ಅಲ್ಲೇ ಉಳಿಯಿತು.

"ಗುರುಗಳೇ."

ಗುರು ಬಗ್ಗಿ ಹೂವಿನೊಳಗೆ ನೋಡಿದರು.

"ತಡಿ. ಮೊದಲು ಅವರ ಪೂಜೆ ಮುಗಿಯಲಿ."