ಗವಿರಂಗನ ಗಂಟೆ

ನಂಬಬೇಡಿ. ನಾನು ಹೇಳೋದರಲ್ಲಿ ಒಂದಕ್ಷರವೂ ನಂಬಬೇಡಿ, ನನಗೇನೂ ನಷ್ಟವಿಲ್ಲ. ಆದರೆ ಸುಳ್ಳು ಅಂತ ಎದ್ದು ಹೋಗೋರು ಒಂದು ಸಲ ನಮ್ಮೂರಿಗೆ ಬನ್ನಿ, ಓಬಳಮ್ಮನ ಮನೆ ಜಗುಲಿಯ ತೊಲೆ ನೋಡಿ. ಅದರ ಮೇಲೆ ಹಗ್ಗ ಉಜ್ಜಿದ ಗುರುತು ಇಲ್ಲದಿದ್ದರೆ ನನ್ನ ಮೀಸೆ ಬೋಳಿಸಿ. ಇದು ಸುಮ್ಮನೆ ಬಂದ ಮೀಸೆ ಅಲ್ಲ, ತಾಲ್ಲೂಕು ಕಬಡ್ಡಿ ಗೆದ್ದ ವರ್ಷ ಬಿಟ್ಟದ್ದು!

ಓಬಳಮ್ಮ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡೋಳು. ಅವಳಿಗೆ ಒಬ್ಬನೇ ಮಗ, ಗವಿರಂಗ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು, ಹಾಲಿನಂಥ ಮನಸ್ಸು. ಬುದ್ಧಿ ಮಾತ್ರ ಅವನು ಹುಟ್ಟೋವಾಗ ಎಲ್ಲೋ ಬೇರೆ ಕಡೆ ಹೋಗಿತ್ತು. "ಮೇಕೆ ಹಿಂದೆಯೇ ಇರು ಮಗಾ" ಅಂದರೆ ಹಿಂದೆಯೇ ಇರ್ತಾನೆ. ಮೇಕೆ ಪಕ್ಕದವರ ಹಿತ್ತಲಿಗೆ ನುಗ್ಗಿದರೆ ಇವನೂ ನುಗ್ಗುತ್ತಾನೆ. ಅದು ಅವರ ಸೊಪ್ಪೆಲ್ಲ ತಿಂದು ಹೊರಗೆ ಬಂದರೆ ಇವನೂ ಬರ್ತಾನೆ. "ಹಿಂದೆಯೇ ಇದ್ದೆ ಕಣವ್ವ!"

"ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಗಂಜಿ ಹಾಕೋರು ಯಾರು?" ಅಂತ ಓಬಳಮ್ಮ ಒಲೆ ಮುಂದೆ ಕೂತು ಅಳೋಳು.

ಆ ವರ್ಷ ಶಾಲೆಯಲ್ಲಿ ಗಂಟೆ ಹೊಡೆಯೋ ತಾತ ಮಗಳ ಊರಿಗೆ ಹೋಗಿಬಿಟ್ಟ. ಓಬಳಮ್ಮ ಶಾಲೆಯ ಅಧ್ಯಕ್ಷರ ಕಾಲಿಗೆ ಬಿದ್ದಳು. ಅಧ್ಯಕ್ಷರು ಅಂದರೆ ತಿಪ್ಪೇಶಣ್ಣ, ದಪ್ಪ ಮನುಷ್ಯ, ಬಿಳೀ ಪಂಚೆ. "ಏಳನೇ ಕ್ಲಾಸಿನ ಬೀಳ್ಕೊಡುಗೆ ದಿನ ಅವನನ್ನ ಕರ್ಕೊಂಡು ಬಾ. ಕತ್ತಲಾಗೋವರೆಗೆ ಕೆಲಸ ಮಾಡಲಿ. ಸರಿಯಾಗಿ ಮಾಡಿದರೆ ಗಂಟೆ ಕೆಲಸ ಅವನಿಗೆ. ಇಲ್ಲದಿದ್ದರೆ ಬೇರೆಯವನನ್ನ ನೋಡ್ತೀವಿ" ಅಂದರು.

ಆವತ್ತು ಬೆಳಿಗ್ಗೆ ತಾಯಿ ಮಗನ ತಲೆ ಬಾಚಿ ಹೇಳಿದಳು: "ಹೇಳಿದ್ದನ್ನ ಹೇಳಿದ ಹಾಗೇ ಮಾಡು ಮಗಾ."

"ಆಯ್ತು ಕಣವ್ವ."

ಆಟ ಆಡಿಸೋಕೆ ಶಾಲೆಯವರು ನನ್ನನ್ನ ಕರೆದಿದ್ದರು. ಇನ್ಯಾರನ್ನ ಕರೀತಾರೆ? ಅಂಗಳದಲ್ಲಿ ಹಗ್ಗಜಗ್ಗಾಟ, ಕಬಡ್ಡಿ, ಎಲ್ಲ ನಾನು ಯೋಚನೆ ಮಾಡಿದ್ದೆ. ಅಷ್ಟರಲ್ಲಿ ಹದ್ದೊಂದು ಬಂದು ನೀರಿನ ಟ್ಯಾಂಕಿಗೆ ಕಟ್ಟಿದ್ದ ಹೆಜ್ಜೇನಿಗೆ ಬಡೀತು. ಎದ್ದವು ನೋಡಿ! ಆಕಾಶವೇ ಗುಂಯ್ ಅಂತು. ಮಕ್ಕಳನ್ನೆಲ್ಲ ಏಳನೇ ಕ್ಲಾಸಿನ ಕೋಣೆಗೆ ತಳ್ಳಿ, ಅಧ್ಯಕ್ಷರು, ತಾಯಿ ಮಗ, ನಾವೆಲ್ಲ ಒಳಗೆ ಸೇರಿ, ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಮೇಲಿನ ಗವಾಕ್ಷಿಗೆ ಗೋಣಿಚೀಲ ತುರುಕಿದೆವು. ಅಷ್ಟರೊಳಗೆ ಚಂದ್ರಿಕಾ ಅನ್ನೋ ಹುಡುಗಿಗೆ ಒಂದು ಹುಳ ಕಚ್ಚಿ ಕಿವಿ ಇಡ್ಲಿಯಂತೆ ಊದಿತ್ತು.

ಹೆಜ್ಜೇನು ಕೂರೋದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಯಾರೂ ಹೊರಗೆ ಕಾಲಿಡೋ ಹಾಗಿಲ್ಲ. ಪುಷ್ಪಲತಾ ಮಿಸ್ ಬೆವರು ಒರೆಸಿಕೊಂಡು ನನ್ನ ಕಿವಿಯಲ್ಲಿ ಹೇಳಿದರು: "ಏಕಾಂತ, ಕೋಣೆಯಲ್ಲಿ ಇರೋದರಲ್ಲೇ ಏನಾದರೂ ಆಡಿಸಪ್ಪ. ಒಬ್ಬ ಅತ್ತರೆ ಎಲ್ಲರೂ ಅಳ್ತಾರೆ. ಎಲ್ಲರೂ ಅತ್ತರೆ ಯಾವನೋ ಒಬ್ಬ ಬಾಗಿಲು ತೆಗೀತಾನೆ!"

ಕೋಣೆಯಲ್ಲಿ ಏನಿತ್ತು? ಬಲೂನಿನ ಪೊಟ್ಟಣ, ದಾರ, ಬೆಂಚು, ಊಟದ ತಟ್ಟೆ, ಚಮಚ, ಪಾನಕಕ್ಕೆ ತಂದ ನಿಂಬೆಹಣ್ಣು, ಬೆಲ್ಲ. ನನ್ನಂಥವನಿಗೆ ಅಷ್ಟು ಸಾಕು! ಗವಿರಂಗನಿಗೆ ಬಲೂನು ಕೊಟ್ಟೆ. "ಇವಿಷ್ಟನ್ನೂ ಊದು. ಮಕ್ಕಳು ನೆಲಕ್ಕೆ ಬೀಳದ ಹಾಗೆ ತಟ್ಟಿ ಆಡಲಿ."

ಊದಿದ. ಊದಿದ್ದನ್ನ ಬಿಟ್ಟ, ಇನ್ನೊಂದು ತಗೊಂಡ. ಅದನ್ನೂ ಊದಿದ, ಬಿಟ್ಟ. ಬಲೂನುಗಳು ಪುರ್ರ್ ಅಂತ ಸೂರಿಗೆ ಹಾರಿ, ಸತ್ತ ಹಲ್ಲಿಯಂತೆ ಕೆಳಗೆ ಬಿದ್ದವು.

"ಎಲ್ಲ ಊದಿದೆ ಏಕಾಂತಣ್ಣ!"

"ಲೋ ಪೆದ್ದೇ! ಗಾಳಿ ಊದಿದ್ದಕ್ಕೆ ಬಿಗಿಯಾಗಿ ದಾರ ಕಟ್ಟಬೇಕು ಕಣೋ!"

"ಆಯ್ತಣ್ಣ."

ಮೂಲೆಯಲ್ಲಿ ಓಬಳಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯೋ ಶಿವನೇ, ಹೋಯ್ತಲ್ಲೋ ಗಂಟೆ!"

ಹೋಗಲಿ, ಕುರ್ಚಿ ಆಟ ಅಂದೆ. ಬೆಂಚುಗಳನ್ನ ಸುತ್ತಲೂ ಇಟ್ಟು, ಮಕ್ಕಳನ್ನ ನಿಲ್ಲಿಸಿ, ಎದೆ ಉಬ್ಬಿಸಿ, ಕಿಟಕಿಯಲ್ಲಿಟ್ಟಿದ್ದ ನನ್ನ ಸೀಟಿ ತಗೊಂಡು ನೋಡದೇ ಬಾಯಿಗಿಟ್ಟೆ. ಊದಿದೆ. ಸದ್ದಿಲ್ಲ! ಮತ್ತೆ ಊದಿದೆ. ಕೆನ್ನೆ ಉಬ್ಬಿತು, ಕಣ್ಣು ಹೊರಬಂತು, ಸದ್ದಿಲ್ಲ. ತೆಗೆದು ನೋಡಿದರೆ ಸೀಟಿಯ ಮೈತುಂಬ ದಾರ, ಗಂಟಿನ ಮೇಲೆ ಗಂಟು.

"ನೀನು ಗಾಳಿ ಊದೋದು ಅದಕ್ಕೇ ಅಲ್ವಾ ಏಕಾಂತಣ್ಣ? ಬಿಗಿಯಾಗೇ ಕಟ್ಟಿದ್ದೀನಿ!"

ಮಕ್ಕಳು ನಕ್ಕರು. ನನ್ನನ್ನ ನೋಡಿ ನಕ್ಕರು! ಹೊರಗೆ ಗುಂಯ್ ಅನ್ನೋದು ಇನ್ನೂ ನಿಂತಿರಲಿಲ್ಲ, ಅದಕ್ಕೇ ತಡಕೊಂಡೆ. "ಕಟ್ಟಬೇಡ ಮಾರಾಯ, ಸದ್ದು ಮಾಡಬೇಕು. ತಟ್ಟೆ ತಗೋ, ಕಣ್ಣು ಮುಚ್ಚಿಕೊಂಡು ಬಡಿ. ನಿನ್ನ ಮನಸ್ಸಿಗೆ ಬಂದಾಗ ನಿಲ್ಲಿಸು. ನಿಲ್ಲಿಸಿದಾಗ ಎಲ್ಲರೂ ಕೂರ್ತಾರೆ."

"ಆಯ್ತಣ್ಣ."

ಬಡಿದ. ಮಕ್ಕಳು ಸುತ್ತಿದರು. ಬಡಿದ. ಮಕ್ಕಳು ಮತ್ತೆ ಸುತ್ತಿದರು. ಬಡಿದ, ಬಡಿದ, ಬಡಿದ! ಸುತ್ತೋರ ಕಾಲು ಸೋತವು, ಬಾಯಾರಿತು, ಒಬ್ಬನಿಗೆ ವಾಂತಿ ಬರೋ ಹಾಗಾಯ್ತು.

"ನಿಲ್ಲಿಸೋ!" ಅಂತ ತಾಯಿ ಕೂಗಿದಳು.

"ಇನ್ನೂ ಮನಸ್ಸಿಗೆ ಬಂದಿಲ್ಲ ಕಣವ್ವ!"

ತಟ್ಟೆ ಕಿತ್ತುಕೊಂಡವರು ತಿಪ್ಪೇಶಣ್ಣ. "ಲೋ, ಮಕ್ಕಳ ಮುಖ ನೋಡೋ! ಸುಸ್ತಾದವರನ್ನ ಹಿಡಿದು ಕೂರಿಸಬೇಕು. ಕುಡಿಯೋಕೆ ನೀರು ಕೊಡಬೇಕು. ಅಷ್ಟೂ ತಿಳಿಯಲ್ವಾ?"

"ಆಯ್ತು ಅಧ್ಯಕ್ಷರೇ."

"ಹೋಯ್ತಲ್ಲೋ ಗಂಟೆ!" ಅಂದಳು ಓಬಳಮ್ಮ.

ಆಮೇಲೆ ನಿಂಬೆಹಣ್ಣಿನ ಓಟ. ಬಾಯಲ್ಲಿ ಚಮಚ, ಚಮಚದಲ್ಲಿ ಹಣ್ಣು, ಬೀಳಿಸದೆ ಆ ಗೋಡೆ ಮುಟ್ಟಬೇಕು. ಹುಡುಗರು ಹಟ ಹಿಡಿದರು, ಅಧ್ಯಕ್ಷರೂ ಆಡಬೇಕು ಅಂತ. ತಿಪ್ಪೇಶಣ್ಣ ಪಂಚೆ ಎತ್ತಿ ಕಟ್ಟಿ ಹೊರಟೇಬಿಟ್ಟರು. ಏನು ನಡಿಗೆ! ಹುಡುಗರ ಹಣ್ಣೆಲ್ಲ ಉರುಳಿದವು, ಅವರದ್ದು ಮಾತ್ರ ಅಲ್ಲಾಡಲಿಲ್ಲ. ಹಣೆಯಿಂದ ಬೆವರು ಇಳೀತಿತ್ತು. ಗೋಡೆಗೆ ಇನ್ನು ಒಂದು ಗೇಣು. ಅಷ್ಟರಲ್ಲಿ ಗವಿರಂಗ ಹಿಂದಿನಿಂದ ತಬ್ಬಿ ಎತ್ತಿ, ಬೆಂಚಿನ ಮೇಲೆ ಕೂರಿಸಿ, ಚಮಚ ಕಿತ್ತು, ಬಾಯಿಗೆ ಚೊಂಬು ಹಿಡಿದ!

"ಕುಡೀರಿ ಅಧ್ಯಕ್ಷರೇ! ನೀವು ಸುಸ್ತಾಗಿದ್ದೀರಿ!"

ಅರ್ಧ ನೀರು ಹೊಟ್ಟೆಗೆ, ಅರ್ಧ ಜುಬ್ಬಕ್ಕೆ. ತಿಪ್ಪೇಶಣ್ಣ ಕೆಮ್ಮಿದರು, ಕೆಂಪಾದರು. ಓಬಳಮ್ಮ ಓಡಿಬಂದು ಮಗನ ಬೆನ್ನಿಗೆ ಗುದ್ದಿದಳು. "ದೊಡ್ಡೋರನ್ನ ಮುಟ್ಟಬಾರದು ಕಣೋ ಪಾಪಿ! ಅವರು ಏನೇ ಮಾಡ್ತಿರಲಿ, ದೂರ ಕೈಕಟ್ಟಿ ನಿಂತಿರು. ಮುಗಿದ ಮೇಲೆ ಚಪ್ಪಾಳೆ ತಟ್ಟು!"

"ಆಯ್ತು ಕಣವ್ವ."

ಆಗಲೇ ಎಲ್ಲಿಂದಲೋ ಒಂದು ಹುಳ ಒಳಗೆ ಬಂತು. ಒಂದೇ ಒಂದು. ಅದು ಕೋಣೆಯೆಲ್ಲ ಬಿಟ್ಟು ತಿಪ್ಪೇಶಣ್ಣನ ಪಂಚೆಯೊಳಗೆ ಹೋಯಿತು. ತಿಪ್ಪೇಶಣ್ಣ ಹಾರಿದರು, ತೊಡೆ ಬಡಿದುಕೊಂಡರು, ಬೆಂಚು ಹತ್ತಿದರು, ಬೆಂಚಿನಿಂದ ಬಿದ್ದರು. "ಹಿಡೀರೋ! ತೆಗೀರೋ!" ಅಂತ ಅರಚಿದರು. ಗವಿರಂಗ ದೂರ ಕೈಕಟ್ಟಿ ನಿಂತಿದ್ದ. ಹುಳ ಕಚ್ಚಿತು, ಸತ್ತಿತು, ತಿಪ್ಪೇಶಣ್ಣ ನೆಲದ ಮೇಲೆ ಸುಮ್ಮನಾದರು.

ಗವಿರಂಗ ಚಪ್ಪಾಳೆ ತಟ್ಟಿದ.

ಅವನನ್ನ ನೋಡಿ ಮಕ್ಕಳೂ ತಟ್ಟಿದರು. ಇದೂ ಒಂದು ಆಟ ಅಂದುಕೊಂಡಿದ್ದರು, ಪಾಪ.

ಓಬಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಿಸ್ ಬಂದು ಗವಿರಂಗನ ಎರಡೂ ತೋಳು ಹಿಡಿದು ಹೇಳಿದರು: "ಕೇಳು. ಜೇನು ಬಂದರೆ ಕೂಗಬಾರದು, ಓಡಬಾರದು, ಕೈ ಬೀಸಬಾರದು. ಕಲ್ಲಾಗಿ ನಿಲ್ಲಬೇಕು. ಜೇನು ಹೋಗೋವರೆಗೂ ಅಲ್ಲಾಡಬಾರದು. ತಿಳೀತಾ?"

"ಆಯ್ತು ಮಿಸ್."

ಹೊತ್ತು ಇಳೀತಿತ್ತು. ಮಕ್ಕಳಿಗೆ ಬೇಜಾರು, ಸೆಕೆ. ಕೊನೇ ಆಟ ಅಂತ ಒಂದು ತಟ್ಟೆಯಲ್ಲಿ ಬಳೆ, ಸೀಮೆಸುಣ್ಣ, ಹುಣಸೇಬೀಜ, ಬೀಗದ ಕೈ, ಬೆಲ್ಲದುಂಡೆ ಇಟ್ಟೆ. ಒಂದು ಗಳಿಗೆ ನೋಡಬೇಕು, ಟವೆಲ್ ಮುಚ್ಚಿದ ಮೇಲೆ ಏನೇನಿತ್ತು ಹೇಳಬೇಕು. ಎಲ್ಲರೂ ತಟ್ಟೆಯ ಮೇಲೆ ಬಗ್ಗಿದ್ದಾರೆ, ಗವಾಕ್ಷಿಯ ಗೋಣಿಚೀಲ ಧೊಪ್ ಅಂತ ಕೆಳಗೆ ಬಿತ್ತು. ಅದರ ಹಿಂದೆಯೇ ಹುಳಗಳು ಬಂದವು. ಒಂದಲ್ಲ, ಎರಡಲ್ಲ, ಹಿಂಡು!

ಮಕ್ಕಳು ಕಿರುಚಿ ಬಾಗಿಲಿಗೆ ನುಗ್ಗಿದರು. ಬಾಗಿಲು ತೆಗೆದರೆ ಹೊರಗೆ ಸಾವಿರ! ಆದರೆ ಬಾಗಿಲಿಗೆ ಬೆನ್ನು ಕೊಟ್ಟು ಗವಿರಂಗ ನಿಂತಿದ್ದ. ಕಲ್ಲಾಗಿ ನಿಂತಿದ್ದ. ಹುಡುಗರು ತಳ್ಳಿದರು, ಜಗ್ಗಿದರು. ನಾನೂ ತಳ್ಳಿದೆ ಅನ್ನಿ, ಕಬಡ್ಡಿ ಆಡಿದ ಕೈ ನಂದು. ಅಲ್ಲಾಡಲಿಲ್ಲ! ಒಂದು ಹುಳ ಅವನ ಹುಬ್ಬಿನ ಮೇಲೆ ಕೂತಿತು. ಹುಬ್ಬಿನಿಂದ ಮೂಗಿಗೆ ಬಂತು. ಮೂಗಿನಿಂದ ತುಟಿಗೆ. ರೆಪ್ಪೆ ಬಡಿಯಲಿಲ್ಲ ಅವನು. ಅವನ ತಾಯಿ ನಿಂತಲ್ಲೇ ಬೆವರುತ್ತಿದ್ದಳು.

ಆಗ ಆ ಊದಿದ ಕಿವಿಯ ಚಂದ್ರಿಕಾ ಮೆಲ್ಲಗೆ ಅಂದಳು: "ಸ್ಟ್ಯಾಚೂ."

ಆ ಆಟ ಗೊತ್ತಿಲ್ಲದ ಮಗು ಯಾವುದು? ಅಷ್ಟೂ ಮಕ್ಕಳು ನಿಂತಲ್ಲೇ ನಿಂತರು. ಒಬ್ಬನ ಕೈ ಮೇಲೆ, ಒಬ್ಬಳ ಬಾಯಿ ತೆರೆದದ್ದು ತೆರೆದ ಹಾಗೇ. ಮಿಸ್ ಕೂಡ, ತಿಪ್ಪೇಶಣ್ಣ ಕೂಡ, ನಾನು ಕೂಡ. ನಾನು ಹೆದರಿ ಅಲ್ಲ, ಆಟ ಅಂದ ಮೇಲೆ ಆಟ. ಹುಳಗಳು ನಮ್ಮ ತಲೆಗಳ ಮೇಲೆ ಸುತ್ತಿದವು, ಬೆಲ್ಲದ ಮೇಲೆ ಕೂತವು, ಎದ್ದವು. ಬೆಳಕು ಕಡಿಮೆಯಾದ ಹಾಗೆ ಒಂದೊಂದೇ ಗವಾಕ್ಷಿಯಿಂದ ಹೊರಗೆ ಹೋದವು. ಯಾರನ್ನೂ ಕಚ್ಚಲಿಲ್ಲ. ಒಬ್ಬರನ್ನೂ!

ಕತ್ತಲಾಯಿತು. ಹೊರಗೆ ಗುಂಯ್ ಅನ್ನೋದು ನಿಂತಿತು. ಓಬಳಮ್ಮ ಹೋಗಿ ಮಗನ ಮುಖ ಸವರಿದಳು. "ಸಾಕು ಬಾ ಮಗಾ, ಹೋದವು." ಆಗ ಅವನು ರೆಪ್ಪೆ ಬಡಿದ.

ತಿಪ್ಪೇಶಣ್ಣ ಕುಂಟುತ್ತಾ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. "ಇವತ್ತಿನಿಂದ ಗಂಟೆ ನಿಂದು ಕಣೋ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹೊಡೀಬೇಕು, ತಪ್ಪಿಸಬಾರದು."

"ಆಯ್ತು ಅಧ್ಯಕ್ಷರೇ."

ಮಾರನೇ ದಿನ ಪುಷ್ಪಲತಾ ಮಿಸ್ ಶಾಲೆಗೆ ಬಂದರು. ಅಂಗಳದಲ್ಲಿ ಒಂದು ಮಗುವೂ ಇಲ್ಲ. ಹೆಜ್ಜೇನು ಟ್ಯಾಂಕಿನ ಸುತ್ತ ಮತ್ತೆ ಎದ್ದಿತ್ತು. ಮಿಸ್ ವರಾಂಡದ ತೊಲೆ ನೋಡಿದರು. ಗಂಟೆ ಅಂತ ನಾವು ನೇತುಹಾಕಿದ್ದ ರೈಲು ಕಂಬಿಯ ತುಂಡು, ಇಬ್ಬರು ಎತ್ತೋ ಭಾರದ್ದು, ಇರಲಿಲ್ಲ.

"ಹೋಯ್ತಲ್ಲೋ ಗಂಟೆ!" ಅಂತ ಈ ಸಲ ಮಿಸ್ ಕೂಗಿದರು.

ಅಷ್ಟರಲ್ಲಿ ಊರೊಳಗಿಂದ ಢಣ್! ಢಣ್! ಢಣ್! ಮಿಸ್ ಓಡಿದರು, ತಿಪ್ಪೇಶಣ್ಣ ಓಡಿದರು, ನಾನು ಎಲ್ಲರಿಗಿಂತ ಮುಂದೆ ಓಡಿದೆ. ಓಬಳಮ್ಮನ ಜಗುಲಿಯ ತೊಲೆಗೆ ಹಗ್ಗದಲ್ಲಿ ಕಂಬಿ ತೂಗುತ್ತಿತ್ತು. ಗವಿರಂಗ ಬಡೀತಿದ್ದ. ಅವನ ಮನೆ ಮುಂದೆ ಇಡೀ ಶಾಲೆ ಸಾಲಾಗಿ ನಿಂತು ಕೈಮುಗಿದು ಪ್ರಾರ್ಥನೆ ಹೇಳ್ತಿತ್ತು. ಗಂಟೆ ಎಲ್ಲಿ ಹೊಡೆದರೆ ಮಕ್ಕಳು ಅಲ್ಲಿಗೆ ತಾನೇ ಬರೋದು? ಓಬಳಮ್ಮ ಹೊಸ್ತಿಲಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

"ನಂದು ಅಂದ್ರಲ್ಲ ಅಧ್ಯಕ್ಷರೇ, ಮನೆಗೆ ತಂದೆ!"

ತಿಪ್ಪೇಶಣ್ಣ ಮಕ್ಕಳನ್ನ ನೋಡಿದರು. ದೂರದಲ್ಲಿ ಗುಂಯ್ ಅನ್ನೋ ಟ್ಯಾಂಕನ್ನ ನೋಡಿದರು. ಜಗುಲಿಯ ಮೇಲೆ ಒಂದೇ ಪಕ್ಕಕ್ಕೆ ಒರಗಿ ಕೂತರು. ಹೆಜ್ಜೇನು ಜಾಗ ಬಿಟ್ಟು ಹೋಗೋವರೆಗೂ ಶಾಲೆ ಅಲ್ಲೇ ನಡೀತು.

ಗಂಟೆ ಹೊಡೆಯೋ ಕೆಲಸ ಗವಿರಂಗನಿಗೇ ಉಳೀತು.