ಒಂದೇ ಉಸಿರಿನ ಹೆಸರು

“ಮದರ್, ನಾನು ಆಟ ಕಲಿಸಲು ಬಂದಿದ್ದೇನೆ ಎಂದರೆ ಆ ದೇಶದವರು ನಂಬುವುದಿಲ್ಲವಂತೆ. ಅವರ ಅನುಮಾನವನ್ನು ನಾನು ಹೇಗೆ ಹೋಗಲಾಡಿಸಲಿ?”

ಹೀಗೆ ಕೇಳಿದವಳು ಜೆಸಿಂತ. ಕಬಡ್ಡಿಯಲ್ಲಿ ರಾಜ್ಯದ ತಂಡಕ್ಕೆ ಆಡಿದವಳು. ಆಟದ ಮೂಲಕ ಕ್ರಿಸ್ತನ ಸೇವೆ ಮಾಡಲು ಹೊರದೇಶಕ್ಕೆ ಹೊರಟಿದ್ದಳು. ಹೊರಡುವ ಮೊದಲು, ತಾನು ಓದಿದ ಕಾನ್ವೆಂಟಿಗೆ ಬಂದು, ತನಗೆ ಅಕ್ಷರವನ್ನೂ ಜಪವನ್ನೂ ಕಲಿಸಿದ ಮದರ್ ಬ್ಲಾಂಡಿನ ಅವರ ಮುಂದೆ ನಿಂತಿದ್ದಳು. ಹೊತ್ತು ಮೀರಿ ಬಂದವರಿಗೆ ಮದರ್ ಉತ್ತರ ಕೊಡುತ್ತಿರಲಿಲ್ಲ. ಜೆಸಿಂತ ಹೊತ್ತಿಗೆ ಸರಿಯಾಗಿ ಬಂದಿದ್ದಳು.

“ನೆಟ್ಟಗೆ ಕುಳಿತುಕೋ,” ಎಂದರು ಮದರ್. “ಒಂದು ಕತೆ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ.”

ಮದರ್ ಹೇಳಿದ ಕತೆ ಇದು.

ಒಬ್ಬ ಆಟದ ಶಿಕ್ಷಕಿ ಇದ್ದಳು. ಕಬಡ್ಡಿ ಕಲಿಸುತ್ತ ಕ್ರಿಸ್ತನ ಸೇವೆ ಮಾಡಬೇಕೆಂದು ಸಮುದ್ರ ದಾಟಿ ಒಂದು ಬೆಟ್ಟದೂರಿಗೆ ಹೋದಳು. ಚೆಂಡು ಬೇಡ, ಬಲೆ ಬೇಡ, ಒಂದು ಗೆರೆ ಎಳೆದರೆ ಆಟ ಶುರುವಾಗುತ್ತದೆ. ಬಡವರ ಊರಿಗೆ ಇದೇ ಸರಿಯಾದ ಆಟವೆಂದು ಅವಳನ್ನು ಕಳುಹಿಸಿದವರು ಎಣಿಸಿದ್ದರು. ಮೊದಲು ಹುಡುಗಿಯರು ತನ್ನನ್ನು ನಂಬಲಿ, ವೇದಪುಸ್ತಕವನ್ನು ಆಮೇಲೆ ತೆರೆಯೋಣ ಎಂದು ಅವಳು ಎಣಿಸಿದ್ದಳು.

ಊರು ಅವಳನ್ನು ನಂಬಲಿಲ್ಲ. ಓಡುವುದನ್ನು ಕಲಿಸಲು ಯಾರಾದರೂ ಸಮುದ್ರ ದಾಟಿ ಬರುತ್ತಾರೆಯೇ? ಬಾವಿಯ ಹತ್ತಿರ ಹೆಂಗಸರು ಅವಳ ಬೆನ್ನ ಹಿಂದೆ ಮಾತಾಡಿಕೊಂಡರು. ಅಂಗಡಿಯವನು ಅವಳ ಮುಖಕ್ಕೇ ಕೇಳಿದ: “ಟೀಚರಮ್ಮ, ನಿಮ್ಮೂರಿನಲ್ಲಿ ಹುಡುಗಿಯರು ಮುಗಿದುಹೋದರೇ?”

ಅವಳು ನಕ್ಕುಬಿಟ್ಟಳು. ಹುಡುಗಿಯರು ಮಾತ್ರ ಬಂದರು. ಅವರಲ್ಲಿ ನೇಕಾರನ ಮಗಳೊಬ್ಬಳಿದ್ದಳು. ಉಸಿರು ಬಿಡದೆ ಎದುರು ಪಾಳೆಯವನ್ನೆಲ್ಲ ಸುತ್ತಿ ಬರುತ್ತಿದ್ದಳು. ಅಂಥ ಉಸಿರನ್ನು ಶಿಕ್ಷಕಿ ತನ್ನ ದೇಶದಲ್ಲಿಯೂ ಕಂಡಿರಲಿಲ್ಲ.

ಉಸಿರಿಗೆ ಕಾರಣವಿತ್ತು. ಆ ಊರಿನಲ್ಲಿ ಬಿತ್ತನೆಗೆ ಮುಂಚೆ ಹೆಂಗಸರು ಹೊಲದ ಈ ಬದುವಿನಿಂದ ಆ ಬದುವಿನವರೆಗೆ ಬೆಟ್ಟದಮ್ಮನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತ ನಡೆಯಬೇಕು. ಉಸಿರು ಕಡಿದರೆ ಹಿಂದಕ್ಕೆ ಬಂದು ಮತ್ತೆ ಹೊರಡಬೇಕು. ಹುಡುಗಿಯರಿಗೆ ಇದನ್ನು ಚಿಕ್ಕಂದಿನಿಂದಲೇ ರೂಢಿ ಮಾಡಿಸುತ್ತಿದ್ದರು. ಬೆಟ್ಟದಮ್ಮನ ಹೆಸರಲ್ಲದೆ ಬೇರೆ ಯಾವ ಮಾತನ್ನೂ ಆ ಊರಿನಲ್ಲಿ ಯಾರೂ ಹಾಗೆ ಹೇಳಿದವರಲ್ಲ.

ಒಂದು ಸಂಜೆ ಊರಿನ ಹಿರಿಯಳಾದ ಮುದುಕಿ ಬಯಲಿಗೆ ಬಂದಳು. ಅವಳ ಹಿಂದೆ ಹುಡುಗಿಯರ ತಾಯಂದಿರು ಬಂದರು. ಆಟ ನಿಂತಿತು.

“ಕಬಡ್ಡಿ ಎಂಬುದು ಯಾವ ದೇವರು?” ಎಂದು ಮುದುಕಿ ಕೇಳಿದಳು.

ಶಿಕ್ಷಕಿಗೆ ನಗು ಬಂತು. “ದೇವರಲ್ಲ ತಾಯಿ. ಅದು ಬರಿಯ ಮಾತು. ಉಸಿರು ಬಿಟ್ಟಿಲ್ಲವೆಂದು ತೋರಿಸಲು ಹೇಳುವುದು.”

“ಮುಟ್ಟಿದರೆ ಸತ್ತಳು ಎನ್ನುತ್ತೀಯೆ. ಆಮೇಲೆ ಎದ್ದು ಬಂದಳು ಎನ್ನುತ್ತೀಯೆ. ನಿಮ್ಮ ದೇವರೂ ಸತ್ತು ಎದ್ದವನೆಂದು ಕೇಳಿದ್ದೇವೆ. ನಮಗೇನು ಕಿವಿ ಇಲ್ಲವೇ?”

ಶಿಕ್ಷಕಿ ವೇದಪುಸ್ತಕವನ್ನು ತಂದು ಅದರ ಮೇಲೆ ಕೈಯಿಟ್ಟಳು. ಆ ಮಾತಿಗೆ ಅರ್ಥವಿಲ್ಲ, ಆಟದಲ್ಲಿ ಒಳಗುಟ್ಟು ಇಲ್ಲ ಎಂದು ಆಣೆ ಮಾಡಿದಳು. ಆಣೆ ನಿಜವೇ ಆಗಿತ್ತು.

ಮುದುಕಿ ಪುಸ್ತಕವನ್ನೂ ನೋಡಿದಳು, ಅವಳ ಮುಖವನ್ನೂ ನೋಡಿದಳು. “ಸರಿ, ಅರ್ಥವಿಲ್ಲ ಎಂದಮೇಲೆ ಆ ಮಾತು ಯಾಕೆ? ನಮ್ಮ ಹುಡುಗಿಯರು ಬೆಟ್ಟದಮ್ಮನ ಹೆಸರು ಹೇಳಿಕೊಂಡು ಆಡಲಿ. ಉಸಿರು ಅದೇ, ಗೆರೆ ಅದೇ. ನಾವೂ ಬಂದು ನೋಡುತ್ತೇವೆ.”

ಶಿಕ್ಷಕಿ ಇದನ್ನು ನಿರೀಕ್ಷಿಸಿರಲಿಲ್ಲ. ಹುಡುಗಿಯರು ಅವಳ ಮುಖವನ್ನೇ ನೋಡುತ್ತಿದ್ದರು. ಅವರು ಆಡದಿದ್ದರೆ ಅವಳು ಆ ಊರಿನಲ್ಲಿರಲು ಕಾರಣವೇ ಇರಲಿಲ್ಲ. ಆದರೆ ಕ್ರಿಸ್ತನ ಸೇವೆಗೆ ಬಂದವಳು ಬೇರೊಂದು ದೇವರ ಹೆಸರಿಗೆ ಹೇಗೆ ಸೀಟಿ ಊದುವುದು? ಮುದುಕಿ ಬೇಕೆಂದೇ ತನ್ನನ್ನು ಸಿಕ್ಕಿಸುತ್ತಿದ್ದಾಳೆ ಎಂದುಕೊಂಡಳು.

“ಆಗುವುದಿಲ್ಲ. ಆ ಒಂದು ಮಾತನ್ನೇ ಹೇಳಬೇಕು. ಎಲ್ಲ ಕಡೆಯೂ ಅದೇ ನಿಯಮ,” ಎಂದಳು.

ಅವಳ ಅಜ್ಜಿಯ ಸೀಮೆಯಲ್ಲಿ ಇದೇ ಆಟವನ್ನು ಹುತುತು ಎನ್ನುತ್ತ ಆಡುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ.

“ಅರ್ಥವಿಲ್ಲದ ಮಾತನ್ನು ಬಿಡುವುದು ಇಷ್ಟು ಕಷ್ಟವೇ?” ಎಂದಳು ಮುದುಕಿ. ತಾಯಂದಿರ ಕಡೆಗೆ ತಿರುಗಿದಳು. “ಕೇಳಿದಿರಲ್ಲ. ಇನ್ನು ನಾನು ಹೇಳುವುದೇನೂ ಇಲ್ಲ.”

ತಾಯಂದಿರು ತಮ್ಮ ತಮ್ಮ ಮಕ್ಕಳ ಕೈ ಹಿಡಿದುಕೊಂಡು ಹೋದರು. ನೇಕಾರನ ಮಗಳು ತಿರುಗಿ ತಿರುಗಿ ನೋಡುತ್ತ ಹೋದಳು.

ಮರುದಿನದಿಂದ ಯಾರೂ ಬರಲಿಲ್ಲ. ಶಿಕ್ಷಕಿ ದಿನವೂ ಬಯಲಿಗೆ ಹೋಗಿ ಗೆರೆ ಎಳೆದು ಕಾದಳು. ಅವಳು ಅಂಗಡಿಗೆ ಹೋದರೆ ಅಲ್ಲಿ ಮಾತು ನಿಲ್ಲುತ್ತಿತ್ತು. ಈಗ ಅವಳಿಗೂ ಎಲ್ಲರ ಮೇಲೆ ಸಂಶಯ ಹುಟ್ಟಿತು. ನೆರೆಯವಳು ಕೊಟ್ಟ ಹಾಲನ್ನು ಮೂಸಿ ನೋಡಿ ಕುಡಿದಳು. ನಮಸ್ಕಾರ ಹೇಳಿದವರು ತನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದು ಎಣಿಸಿದಳು. ಕೊನೆಗೆ ಬಯಲಿಗೆ ಹೋಗುವುದನ್ನೂ ಬಿಟ್ಟಳು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಅವಳಿಗೆ ಬಯಲಿನ ಕಡೆಯಿಂದ ಗದ್ದಲ ಕೇಳಿಸಿತು. ಹೋಗಿ ನೋಡಿದರೆ ಊರೆಲ್ಲ ಅಲ್ಲಿ ನೆರೆದಿತ್ತು. ಹುಡುಗಿಯರು ತಾವೇ ಗೆರೆ ಎಳೆದು ಆಡುತ್ತಿದ್ದರು. ಬೆಟ್ಟದಮ್ಮನ ಹೆಸರು ಹೇಳುತ್ತ ಆಡುತ್ತಿದ್ದರು. ಅವಳು ಕಲಿಸಿದ ಕಾಲುವರಸೆ, ಅವಳು ಕಲಿಸಿದ ಹಿಡಿತ. ಒಂದರಲ್ಲಿಯೂ ತಪ್ಪು ಹುಡುಕುವಂತಿರಲಿಲ್ಲ.

ಅವಳು ಹಿಂದಕ್ಕೆ ತಿರುಗುವಷ್ಟರಲ್ಲಿ ನೇಕಾರನ ಮಗಳು ಕೂಗಿದಳು. “ಟೀಚರ್, ಹೋಗಬೇಡಿ! ನಮ್ಮ ಕಡೆ ಒಬ್ಬರು ಕಡಿಮೆ. ಬನ್ನಿ, ಆಡಿ.”

“ನಾನು ನಿಮ್ಮ ಬೆಟ್ಟದಮ್ಮನ ಹೆಸರು ಹೇಳುವುದಿಲ್ಲ.”

“ಹೇಳಬೇಡಿ. ನಿಮ್ಮ ದೇವರ ಹೆಸರನ್ನೇ ಹೇಳಿ. ಉಸಿರು ಕಡಿಯಬಾರದು, ಅಷ್ಟೇ.”

ಒಬ್ಬ ಹುಡುಗಿ ಕಿಸಕ್ಕೆಂದು ನಕ್ಕಳು. “ಟೀಚರಿಗೆ ವಯಸ್ಸಾಯಿತು ಕಣೇ. ಉಸಿರು ನಡುಗೆರೆಯಲ್ಲೇ ನಿಂತುಹೋಗುತ್ತದೆ.” ಬಯಲೆಲ್ಲ ನಕ್ಕಿತು. ಆಮೇಲೆ ನಗು ನಿಂತಿತು. ಎಲ್ಲರೂ ಅವಳ ಕಡೆ ನೋಡಿದರು. ಮುದುಕಿಯೂ ನೋಡಿದಳು. ಕೂತಲ್ಲಿಯೇ ಸ್ವಲ್ಪ ಸರಿದು ದಾರಿ ಬಿಟ್ಟಳು.

ಶಿಕ್ಷಕಿ ಮುದುಕಿಯ ಮುಖವನ್ನು ದಿಟ್ಟಿಸಿದಳು. ಇಷ್ಟು ಸುಲಭವಾಗಿ ದಾರಿ ಬಿಡುವವಳಲ್ಲ ಇವಳು. ನಾನು ಗೆರೆ ದಾಟಿ ನನ್ನ ಕರ್ತನ ಹೆಸರು ಹೇಳಲಿ ಎಂದೇ ಕಾದಿದ್ದಾಳೆ. ಹೇಳಿದ ಕೂಡಲೇ, ನೋಡಿ, ಇವಳು ಬಂದದ್ದು ಇದಕ್ಕೇ ಎಂದು ಊರಿಗೆಲ್ಲ ತೋರಿಸುತ್ತಾಳೆ. ಹೀಗೆ ಯೋಚಿಸಿದಳು.

“ನನಗೆ ಕೆಲಸವಿದೆ,” ಎಂದು ಹೇಳಿ ಮನೆಗೆ ನಡೆದಳು. ಹುಡುಗಿಯರು ಒಬ್ಬರು ಕಡಿಮೆಯಾಗಿಯೇ ಆಡಿದರು. ಆ ತಿಂಗಳು ಮುಗಿಯುವುದರೊಳಗೆ ಅವಳು ಹಡಗು ಹತ್ತಿ ಹಿಂದಿರುಗಿದಳು. ಆ ಊರಿನವರ ಅನುಮಾನ ಹೋಗುವಂಥದಲ್ಲವೆಂದು ತನ್ನನ್ನು ಕಳುಹಿಸಿದವರಿಗೆ ತಿಳಿಸಿದಳು.

ಇಲ್ಲಿಗೆ ಮದರ್ ಕತೆ ನಿಲ್ಲಿಸಿದರು.

ಜೆಸಿಂತ ಕೇಳಿದಳು: “ಅವಳು ಮಾಡಿದ್ದು ಸರಿಯೇ ಅಲ್ಲವೇ, ಮದರ್? ಆ ಮುದುಕಿ ಬಲೆ ಒಡ್ಡಿ ಕೂತಿದ್ದಳು. ನಾನಾಗಿದ್ದರೂ ಹೋಗುತ್ತಿರಲಿಲ್ಲ.”

“ಬಲೆಯೋ ಅಲ್ಲವೋ ನಾನರಿಯೆ,” ಎಂದರು ಮದರ್. “ಊರಿಗೆ ಊರೇ ಕಿವಿಗೊಟ್ಟು ನಿಂತಿದ್ದಾಗ ತನ್ನ ದೇವರ ಹೆಸರನ್ನು ಹೇಳದೆ ಹೋದವಳು ಅವಳೊಬ್ಬಳೇ.”